ಟೀಮ್ ಈವೆಂಟಿಗೆ ನಾನು ಸ್ಕೇಟರ್‌ಗಳನ್ನು ಆರಿಸುವ ಬಗೆ

ಚಳಿಗಾಲದ ಒಲಿಂಪಿಕ್ಸ್ ಹತ್ತಿರ ಬಂತು ಅಂದರೆ ನಾನು ನೋಟ್‌ಬುಕ್ ಹಿಡಿದು ಕೂರುತ್ತೇನೆ. ಫಿಗರ್ ಸ್ಕೇಟಿಂಗ್ ಟೀಮ್ ಈವೆಂಟಿನಲ್ಲಿ ಯಾವ ದೇಶ ಯಾರನ್ನು ಇಳಿಸಬೇಕು ಅಂತ ನಾನೇ ಬರೆದು ನೋಡುವುದು ನನಗೆ ತುಂಬಾ ಇಷ್ಟ. 2022ರ ಬೀಜಿಂಗ್‌ಗೆ ಹೇಗೆ ಮಾಡಿದೆ ಅಂತ ಹೇಳುತ್ತೇನೆ.

ಲೆಕ್ಕ ಹೀಗಿತ್ತು. ಪುರುಷರು, ಮಹಿಳೆಯರು, ಪೇರ್ಸ್ (ಜೋಡಿ ಸ್ಕೇಟಿಂಗ್), ಐಸ್ ಡಾನ್ಸ್ (ಜೋಡಿ ನೃತ್ಯ) ಅಂತ ನಾಲ್ಕು ವಿಭಾಗ, 10 ದೇಶ. ಪ್ರತಿ ವಿಭಾಗದಲ್ಲಿ ಗೆದ್ದವರಿಗೆ 10 ಅಂಕ, ಎರಡನೆಯವರಿಗೆ 9, ಹಾಗೇ ಇಳಿಯುತ್ತಾ ಕೊನೆಯವರಿಗೆ 1. ಮೊದಲ ಸುತ್ತು (ಶಾರ್ಟ್; ಐಸ್ ಡಾನ್ಸ್‌ನಲ್ಲಿ ಅದರ ಹೆಸರು ರಿದಮ್ ಡಾನ್ಸ್) ಮುಗಿದ ಮೇಲೆ ಮೇಲಿನ 5 ದೇಶಗಳಷ್ಟೇ ಎರಡನೆಯದಾದ ಫ್ರೀ ಸುತ್ತಿಗೆ ಹೋಗುತ್ತವೆ. ಎರಡು ಸುತ್ತುಗಳ ನಡುವೆ ಎರಡು ವಿಭಾಗಗಳಲ್ಲಿ ಮಾತ್ರ ಸ್ಕೇಟರ್‌ಗಳನ್ನು ಬದಲಿಸಬಹುದು.

ಇಲ್ಲಿ ಲೆಕ್ಕಕ್ಕೆ ಬರುವುದು ತೀರ್ಪುಗಾರರು ಕೊಡುವ ಸ್ಕೋರ್ ಅಲ್ಲ, ಸ್ಥಾನ. ಬೀಜಿಂಗ್‌ನ ಪುರುಷರ ಫ್ರೀ ಸುತ್ತನ್ನೇ ನೋಡಿ. ಜಪಾನಿನ ಯುಮಾ ಕಗಿಯಾಮಾ 208.94 ಪಡೆದರು. ಎರಡನೆಯವರಾದ ರಷ್ಯಾದ ಮಾರ್ಕ್ ಕೊಂಡ್ರಾಟಿಯುಕ್ 181.65. ಅಂತರ 27ಕ್ಕೂ ಜಾಸ್ತಿ. ಜಪಾನಿಗೆ ಅದರಿಂದ ಸಿಕ್ಕ ಲಾಭ? ಒಂದೇ ಒಂದು ಅಂಕ. ಅಷ್ಟು ಚೆಂದದ ಸ್ಕೇಟಿಂಗ್‌ಗೆ ಇಷ್ಟೇನಾ ಅಂತ ಹೊಟ್ಟೆ ಉರಿಯುತ್ತದೆ, ಅಲ್ವಾ?

ಅದಕ್ಕೇ ನನ್ನ ನೋಟ್‌ಬುಕ್‌ನಲ್ಲಿ ಪ್ರತಿ ಸ್ಕೇಟರ್ ಹೆಸರಿನ ಮುಂದೆ ಎರಡು ಅಂಕಿ ಇರುತ್ತವೆ: ಆ ಸೀಸನ್ನಿನ ಅತಿ ಹೆಚ್ಚಿನ ಸ್ಕೋರ್, ಅತಿ ಕಡಿಮೆ ಸ್ಕೋರ್. ನಾನು ಜಾಸ್ತಿ ಹೊತ್ತು ನೋಡುವುದು ಎರಡನೆಯದನ್ನು. ಕೆಟ್ಟ ದಿನದಲ್ಲೂ ಮೂರನೇ ಸ್ಥಾನ ಬಿಡದವರು ನನಗೆ ಚಿನ್ನದಂಥವರು. ಒಂದು ದಿನ ಮೊದಲು, ಇನ್ನೊಂದು ದಿನ ಏಳನೆಯವರಾಗುವ ಪ್ರತಿಭಾವಂತರನ್ನು ಬರೆಯುವಾಗ ಕೈ ತಡೆಯುತ್ತದೆ.

ಆಮೇಲೆ ಕ್ಯಾಲೆಂಡರ್. ಬೀಜಿಂಗ್‌ನಲ್ಲಿ ಟೀಮ್ ಈವೆಂಟ್ ಫೆಬ್ರವರಿ 4ಕ್ಕೆ ಶುರು, 7ಕ್ಕೆ ಮುಕ್ತಾಯ. 8ಕ್ಕೇ ಪುರುಷರ ವೈಯಕ್ತಿಕ ಸ್ಪರ್ಧೆ. ಅಮೆರಿಕದ ನೇಥನ್ ಚೆನ್ ಅವರನ್ನು ಎರಡೂ ಸುತ್ತಿಗೆ ಇಳಿಸಿದರೆ ಅವರ ಕಾಲು, ಮನಸ್ಸು ಎರಡೂ ದಣಿಯುತ್ತವೆ. ನಾನು ಅವರ ಹೆಸರನ್ನು ಶಾರ್ಟ್‌ಗೆ ಮಾತ್ರ ಬರೆದೆ. ಫ್ರೀಗೆ ಅವರದೇ ದೇಶದ ವಿನ್ಸೆಂಟ್ ಝೋ. ಸುಮ್ನೆ ಅಲ್ಲ, ಆ ಸೀಸನ್ನಿನ ಸ್ಕೇಟ್ ಅಮೆರಿಕ ಎಂಬ ಸ್ಪರ್ಧೆಯಲ್ಲಿ ಗೆದ್ದವರು ಝೋ, ಚೆನ್ ಮೂರನೆಯವರು. ಅಮೆರಿಕ ತಂಡವೂ ಹೀಗೇ ಮಾಡಿತು. ಚೆನ್ 111.71ರೊಂದಿಗೆ ಮೊದಲಿಗರಾದರು, ಝೋ ಫ್ರೀಯಲ್ಲಿ ಮೂರನೆಯವರಾದರು. ವೈಯಕ್ತಿಕ ಚಿನ್ನವೂ ಚೆನ್‌ಗೇ ಬಂತು.

ಆಯ್ಕೆಯೇ ಇಲ್ಲದ ಸ್ಥಿತಿ ಇನ್ನೂ ಕಷ್ಟ. 2014ರ ಸೋಚಿಯಲ್ಲಿ ರಷ್ಯಾಕ್ಕೆ ಪುರುಷರಲ್ಲಿ ಇದ್ದದ್ದು ಒಂದೇ ಜಾಗ. ಬೆನ್ನಿನ ಶಸ್ತ್ರಚಿಕಿತ್ಸೆ ಆಗಿದ್ದ ಯೆವ್ಗೆನಿ ಪ್ಲುಶೆಂಕೊ ಎರಡೂ ಸುತ್ತು ಆಡಿದರು, ತಂಡ ಚಿನ್ನ ಗೆದ್ದಿತು. ಕೆಲವೇ ದಿನಗಳಲ್ಲಿ, ವೈಯಕ್ತಿಕ ಸ್ಪರ್ಧೆಯ ವಾರ್ಮ್‌ಅಪ್‌ನಲ್ಲೇ ನೋವು ತಾಳಲಾಗದೆ ಅವರು ಹಿಂದೆ ಸರಿದರು. ಹೆಸರು ಬರೆಯುವಾಗ ನನಗೆ ಅದು ಈಗಲೂ ನೆನಪಾಗುತ್ತದೆ.

ಬದಲಾವಣೆಯ ಎರಡನೇ ಅವಕಾಶವನ್ನು ಅಮೆರಿಕಕ್ಕೆ ನಾನು ಐಸ್ ಡಾನ್ಸ್‌ನಲ್ಲಿ ಇಟ್ಟೆ. ಪೇರ್ಸ್‌ನಲ್ಲಿ ಅವರ ಮೊದಲ ಜೋಡಿಗೂ ಎರಡನೆಯದಕ್ಕೂ ಅಂತರ ಜಾಸ್ತಿ, ಅಲ್ಲಿ ಮುಟ್ಟುವಂತಿರಲಿಲ್ಲ. ಡಾನ್ಸ್‌ನಲ್ಲಿ ಎರಡು ಜೋಡಿಗಳೂ ಸರಿಸಮ. ರಿದಮ್ ಡಾನ್ಸ್‌ನಲ್ಲಿ ಹಬಲ್–ಡೊನಹ್ಯೂ ಮೊದಲು, ಫ್ರೀ ಡಾನ್ಸ್‌ನಲ್ಲಿ ಚಾಕ್–ಬೇಟ್ಸ್ ಮೊದಲು. ಪದಕ ಸಿಗುವುದು ಮಂಜಿಗೆ ಇಳಿದವರಿಗೆ ಮಾತ್ರ. ಒಂದು ಅಂಕವನ್ನೂ ಕಳೆದುಕೊಳ್ಳದೆ ಇನ್ನಿಬ್ಬರಿಗೆ ಪದಕ ಸಿಗುವ ಹಾಗಿದ್ದರೆ, ನಾನು ಪ್ರತಿ ಸಲವೂ ಅದನ್ನೇ ಆರಿಸುತ್ತೇನೆ.