ಹುಟ್ಟಿದಾಗ ಅಳದ ಮಗು ಮನೆಗೆ ಹೋದ ಮೇಲೆ

ನಾನು ಜಿಲ್ಲಾಸ್ಪತ್ರೆಯೊಂದರ ಡಿಇಐಸಿಯಲ್ಲಿ (ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರ) ಫಿಸಿಯೋಥೆರಪಿಸ್ಟ್. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ, ಅಂದರೆ ಆರ್‌ಬಿಎಸ್‌ಕೆ ಯೋಜನೆಯಡಿ ಬಂದ ಕೇಂದ್ರ ಇದು. ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ಚಿಕಿತ್ಸೆ ಕೊಡುವುದು ನಮ್ಮ ಕೆಲಸ. ಹೆರಿಗೆ ಹೊತ್ತಿನಲ್ಲಿ ಆಮ್ಲಜನಕ ಸಾಲದೆ ಮೆದುಳಿಗೆ ಪೆಟ್ಟಾದ ಮಕ್ಕಳು ನವಜಾತ ಶಿಶುಗಳ ವಿಶೇಷ ಆರೈಕೆ ಘಟಕವಾದ ಎಸ್‌ಎನ್‌ಸಿಯುನಿಂದ ನೇರವಾಗಿ ನಮ್ಮ ಹತ್ತಿರ ಬರುತ್ತಾರೆ. ಡಿಸ್ಚಾರ್ಜ್ ಹಾಳೆಯಲ್ಲಿ ಹೆಚ್ಚಾಗಿ 'ಎಚ್‌ಐಇ ಸ್ಟೇಜ್ 2' ಅಂತ ಇರುತ್ತದೆ. ಆಮ್ಲಜನಕ ಸಾಲದೆ ಮೆದುಳಿಗಾದ ಪೆಟ್ಟಿಗೇ ಎಚ್‌ಐಇ ಅನ್ನುವುದು; ಸ್ಟೇಜ್ 2 ಅಂದರೆ ಮಧ್ಯಮ ಮಟ್ಟದ್ದು, ಮಗು ಮಂಕಾಗಿತ್ತು, ಮೈ ಸಡಿಲವಾಗಿತ್ತು, ಬಹುಶಃ ಫಿಟ್ಸ್ ಕೂಡ ಬಂದಿತ್ತು.

ಈ ಮಕ್ಕಳ ವಿಷಯದಲ್ಲಿ ನಾನು ಎಲ್ಲರಿಗೂ ಹೇಳುವ ಮಾತು ಒಂದೇ. ಕತ್ತು ನಿಂತಿಲ್ಲ, ಕೂತಿಲ್ಲ ಅಂತ ಗೊತ್ತಾಗುವ ತನಕ ಕಾಯಬೇಡಿ. "ಅವರಪ್ಪನೂ ತಡವಾಗಿಯೇ ನಡೆದಿದ್ದ" ಅಂತ ಅಜ್ಜಿ ಹೇಳುತ್ತಾರೆ. ಅದು ನಿಜವೂ ಇರಬಹುದು. ಆದರೆ ಅವರಪ್ಪ ಹುಟ್ಟಿದ ತಕ್ಷಣ ಅತ್ತಿದ್ದರು ಅಲ್ವಾ? ಹುಟ್ಟಿದಾಗಲೇ ಪೆಟ್ಟು ತಿಂದ ಮಗುವಿನ ಲೆಕ್ಕ ಬೇರೆ.

ಮೊದಲ ಭೇಟಿಯಲ್ಲೇ ತಂದೆಯರು ಫೋನ್ ತೆಗೆದು ಒಂದು ಪ್ರಶ್ನೆ ಕೇಳುತ್ತಾರೆ. "ಮೈ ತಣ್ಣಗೆ ಮಾಡುವ ಚಿಕಿತ್ಸೆ ಇದೆಯಂತೆ, ನಮ್ಮ ಮಗುವಿಗೆ ಯಾಕೆ ಕೊಡಲಿಲ್ಲ?" ಇದೆ, ನಿಜ. ಹುಟ್ಟಿದ 6 ಗಂಟೆಯೊಳಗೆ ಶುರುಮಾಡಿ, 72 ಗಂಟೆ ಮಗುವಿನ ಮೈಯನ್ನು 33ರಿಂದ 34 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುತ್ತಾರೆ. ಶ್ರೀಮಂತ ದೇಶಗಳಲ್ಲಿ ಇದರಿಂದ ಒಳ್ಳೆಯದಾಗಿದೆ. ಆದರೆ ಭಾರತ, ಶ್ರೀಲಂಕಾ, ಬಾಂಗ್ಲಾದೇಶದ ಆಸ್ಪತ್ರೆಗಳಲ್ಲಿ 408 ಮಕ್ಕಳ ಮೇಲೆ ನಡೆದ ಹೆಲಿಕ್ಸ್ ಅಧ್ಯಯನ 2021ರಲ್ಲಿ ಹೊರಬಂತು. ತಣ್ಣಗೆ ಮಾಡಿದ ಮಕ್ಕಳಲ್ಲಿ ಶೇ. 42 ಮಂದಿ ತೀರಿಕೊಂಡಿದ್ದರು, ಮಾಡದವರಲ್ಲಿ ಶೇ. 31. ಉಳಿದ ಮಕ್ಕಳ ನ್ಯೂನತೆಯೂ ಕಡಿಮೆಯಾಗಿರಲಿಲ್ಲ. ಇದನ್ನು ಹೇಳಿದ ಮೇಲೆ ಎಷ್ಟೋ ತಂದೆತಾಯಿಯರ ಎದೆಭಾರ ಇಳಿಯುವುದನ್ನು ನೋಡಿದ್ದೇನೆ. ಏನೋ ಕೈತಪ್ಪಿ ಹೋಯಿತು ಅಂತ ಅಲ್ಲಿಯವರೆಗೂ ಒಳಗೊಳಗೇ ಕೊರಗುತ್ತಿರುತ್ತಾರೆ.

ನನ್ನ ಕೆಲಸದಲ್ಲಿ ಮುಖ್ಯವಾದ ವಯಸ್ಸು ಮೂರು ತಿಂಗಳು. ಆ ಹೊತ್ತಿಗೆ ಬಾಣಂತಿ ತವರಿನಲ್ಲಿರುತ್ತಾಳೆ, ಊರು ದೂರ, ಬಸ್ಸು ಕಡಿಮೆ. ಅದಕ್ಕೇ ಡಿಸ್ಚಾರ್ಜ್ ದಿನವೇ ತವರಿನ ಫೋನ್ ನಂಬರ್ ಬರೆದುಕೊಳ್ಳುತ್ತೇನೆ. 12 ವಾರ ತುಂಬಿದಾಗ ವಾಟ್ಸಾಪ್‌ನಲ್ಲಿ ಒಂದು ವಿಡಿಯೋ ಕಳಿಸಲು ಹೇಳುತ್ತೇನೆ. ಮಗು ಹಾಲು ಕುಡಿದು ಎಚ್ಚರವಾಗಿ, ಸಮಾಧಾನವಾಗಿ ಇರಬೇಕು. ಅಂಗಾತ ಮಲಗಿಸಿ, ಕೈಕಾಲು ಕಾಣುವ ತೆಳು ಬಟ್ಟೆ ಹಾಕಿ. ಗಿಲಕಿ ಆಡಿಸಬೇಡಿ, ಮಾತಾಡಿಸಬೇಡಿ. ಕಾಲ ಕಡೆ ನಿಂತು, ಮುಖವೂ ಪಾದವೂ ಒಟ್ಟಿಗೆ ಕಾಣುವ ಹಾಗೆ ಸುಮ್ನೆ ಮೂರು-ನಾಲ್ಕು ನಿಮಿಷ ಹಿಡಿಯಿರಿ.

ಅದರಲ್ಲಿ ನಾನು ಹುಡುಕುವುದು ಬಹಳ ಸಣ್ಣ ಚಲನೆ. ಚೆನ್ನಾಗಿರುವ ಮಗುವಿನ ಕತ್ತು, ಭುಜ, ಮಣಿಕಟ್ಟು, ಸೊಂಟ, ಪಾದದ ಕೀಲುಗಳಲ್ಲಿ ಸಣ್ಣಗೆ, ಎಲ್ಲ ದಿಕ್ಕಿಗೂ, ಬಿಡದೆ ಒಂದು ಹೊರಳಾಟ ಇರುತ್ತದೆ. ಮಣಿಕಟ್ಟು ತಿರುಗುತ್ತದೆ, ಬೆರಳು ಬಿಚ್ಚುತ್ತದೆ, ಅಷ್ಟರಲ್ಲಿ ಪಾದ ತಿರುಗುತ್ತದೆ. ಈ ಚಲನೆ ಮೂರರಿಂದ ಐದು ತಿಂಗಳ ನಡುವೆ ಮಾತ್ರ ಚೆನ್ನಾಗಿ ಕಾಣುವುದು. ಅದು ಇಲ್ಲವೇ ಇಲ್ಲ, ಕೈಕಾಲು ಒಟ್ಟಿಗೆ ಸೆಟೆದು ಒಟ್ಟಿಗೆ ಸಡಿಲವಾಗುತ್ತವೆ ಅಂದರೆ ಮೆದುಳಿನ ಪೆಟ್ಟಿನಿಂದ ಚಲನೆ, ಮೈ ಹಿಡಿತ ಕೆಡುವ ಸೆರೆಬ್ರಲ್ ಪಾಲ್ಸಿಯ ಸಾಧ್ಯತೆ ಜಾಸ್ತಿ. ಆಗ ಮಗುವನ್ನು ಕರೆಸಿ, ಶಿಶುವಿನ ನರಮಂಡಲ ಹೇಗಿದೆ ಅಂತ ನೋಡುವ 'ಹೈನ್' ಪರೀಕ್ಷೆ ಮಾಡುತ್ತೇನೆ. 26 ಅಂಶ, ಒಟ್ಟು 78 ಅಂಕ. ಮೂರು ತಿಂಗಳಲ್ಲಿ 57ಕ್ಕಿಂತ ಕಡಿಮೆ ಬಂದರೆ ಅವತ್ತೇ ಚಿಕಿತ್ಸೆ ಶುರು. ಎಂಆರ್‌ಐ ವರದಿಗೂ ಕಾಯುವುದಿಲ್ಲ, ರೋಗದ ಹೆಸರು ಪಕ್ಕಾ ಆಗಲಿ ಅಂತಲೂ ಕಾಯುವುದಿಲ್ಲ.

ಚಿಕಿತ್ಸೆ ಅಂದರೆ ನಾನು ವಾರಕ್ಕೊಮ್ಮೆ ಕಾಲು ಎಳೆದು ಬಗ್ಗಿಸುವುದಲ್ಲ. ನನ್ನ ಕೈಯಲ್ಲಿ ಮಗು ಇರುವುದು ಅರ್ಧ ಗಂಟೆ, ಮನೆಯವರ ಕೈಯಲ್ಲಿ ಇಡೀ ದಿನ. ಮಗು ತಾನಾಗಿ ಮಾಡಿದ ಚಲನೆಯಿಂದಲೇ ಮೆದುಳು ಕಲಿಯುವುದು. ಅದಕ್ಕೆ ಅಜ್ಜಿಯನ್ನೂ ಕೂರಿಸಿಕೊಂಡು ದಿನದ ಕೆಲಸಗಳನ್ನೇ ಸ್ವಲ್ಪ ಬದಲಿಸುತ್ತೇನೆ.

ಮೊದಲು ಒಳಲೆ. ಕಾಲ ಮೇಲೆ ಅಂಗಾತ ಮಲಗಿಸಿ ಒಳಲೆಯಲ್ಲಿ ಹಾಲು ಹುಯ್ಯುವ ರೂಢಿ ನಮ್ಮ ಕಡೆ ಇದೆ. ನುಂಗುವುದು ನಿಧಾನವಾದ ಮಗುವಿಗೆ ಇದು ಅಪಾಯ. ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ, ಮತ್ತೆ ಮತ್ತೆ ಕಫ, ನ್ಯುಮೋನಿಯಾ. ಮಗುವನ್ನು ತೋಳಿನ ಮೇಲೆ ಅರೆ ಕೂರಿಸಿ, ಗದ್ದ ಸ್ವಲ್ಪ ಎದೆ ಕಡೆ ಬಾಗಿಸಿ, ಕೆನ್ನೆಯ ಒಳಭಾಗಕ್ಕೆ ಸ್ವಲ್ಪಸ್ವಲ್ಪವೇ ಬಿಡಬೇಕು. ನುಂಗಿದ ಮೇಲೆ ಮುಂದಿನ ಗುಟುಕು. ಇದನ್ನು ತೋರಿಸಲು ನಾನು ಎಷ್ಟು ಹೊತ್ತು ಬೇಕಾದರೂ ಕೊಡುತ್ತೇನೆ. ತೂಕ ಏರದ ಮಗುವಿಗೆ ಯಾವ ವ್ಯಾಯಾಮವೂ ಕೈಹಿಡಿಯುವುದಿಲ್ಲ.

ಆಮೇಲೆ ಎತ್ತಿಕೊಳ್ಳುವುದು. ಮಗು ಬಿಲ್ಲಿನಂತೆ ಹಿಂದಕ್ಕೆ ಸೆಟೆಯುತ್ತಿದ್ದರೆ ಕಂಕುಳಿಗೆ ಕೈ ಹಾಕಿ ನೇರ ಎತ್ತಬೇಡಿ. ಮೊದಲು ಪಕ್ಕಕ್ಕೆ ಹೊರಳಿಸಿ, ಮಂಡಿ ಹೊಟ್ಟೆಗೆ ತಂದು, ಆಮೇಲೆ ಎತ್ತಿ. ಸೆಟೆತ ತಾನಾಗೇ ಇಳಿಯುತ್ತದೆ. ಕತ್ತು ಸ್ವಲ್ಪ ನಿಂತ ಮೇಲೆ ಸೊಂಟದ ಮೇಲೆ ಕಾಲು ಅಗಲಿಸಿ ಎತ್ತಿಕೊಳ್ಳಿ. ಎಚ್ಚರ ಇರುವಾಗ ಹಳೇ ಸೀರೆ ಸುರುಳಿ ಸುತ್ತಿ ಎದೆ ಕೆಳಗಿಟ್ಟು ಬೋರಲು ಮಲಗಿಸಿ, ಎದುರಿಗೆ ಅಮ್ಮನ ಮುಖ ಇರಲಿ. ಆ ಮುಖ ನೋಡಲು ಮಗು ತಲೆ ಎತ್ತುತ್ತದೆ. ವಾಕರ್ ಕೊಳ್ಳಬೇಡಿ, ಕಾಲು ಇನ್ನೂ ಸೆಟೆದು ತುದಿಗಾಲಿನ ರೂಢಿ ಬೀಳುತ್ತದೆ.

ಮೆದುಳಿನ ಟಾನಿಕ್ ಬಗ್ಗೆಯೂ ಕೇಳುತ್ತಾರೆ. ಸತ್ತ ಜೀವಕೋಶಕ್ಕೆ ಜೀವ ಕೊಡುವ ಸಿರಪ್ ಯಾವುದೂ ಇಲ್ಲ. ಆ ದುಡ್ಡಿನಲ್ಲಿ ಬಸ್ ಚಾರ್ಜ್ ಕೊಟ್ಟು ಬನ್ನಿ ಅಂತ ನೇರವಾಗಿಯೇ ಹೇಳುತ್ತೇನೆ. ಕಿವಿಯ ಬೆರಾ ಪರೀಕ್ಷೆ, ಕಣ್ಣಿನ ಪರೀಕ್ಷೆ ಮಾತ್ರ ತಪ್ಪಿಸಬಾರದು. ತಿಂಗಳಿಗೊಮ್ಮೆ ತಲೆ ಸುತ್ತಳತೆಯನ್ನೂ ಅಳೆಯುತ್ತೇವೆ. ಮೊದಲ ಮೂರು ತಿಂಗಳು ಅದು ತಿಂಗಳಿಗೆ ಸುಮಾರು 2 ಸೆಂ.ಮೀ. ಬೆಳೆಯಬೇಕು. ಅಲ್ಲೇ ನಿಂತುಬಿಟ್ಟರೆ ಮೆದುಳು ಬೆಳೆಯುತ್ತಿಲ್ಲ ಅಂತ ಅನುಮಾನ ಪಡಬೇಕು.

ಒಂದು ವಿಷಯಕ್ಕೆ ಮಾತ್ರ ರಾತ್ರಿ ಫೋನ್ ಮಾಡಿದರೂ ಸರಿ ಅಂತ ಹೇಳಿರುತ್ತೇನೆ. ಮೂರು ತಿಂಗಳಿಂದ ಒಂದು ವರ್ಷದೊಳಗೆ, ಹೆಚ್ಚಾಗಿ ನಿದ್ದೆಯಿಂದ ಎದ್ದಾಗ, ಮಗು ತಲೆ ಬಗ್ಗಿಸಿ ಕೈ ಚಾಚಿ ಥಟ್ಟನೆ ಕುಗ್ಗುತ್ತದೆ. ಕೆಲವು ಸೆಕೆಂಡ್ ಬಿಟ್ಟು ಮತ್ತೆ, ಮತ್ತೆ. ಬೆಚ್ಚಿತು, ಹೊಟ್ಟೆನೋವು, ದೃಷ್ಟಿಯಾಯಿತು ಅಂತ ಮನೆಯಲ್ಲಿ ಅಂದುಕೊಳ್ಳುತ್ತಾರೆ. ಇದು ಒಂದು ಬಗೆಯ ಫಿಟ್ಸ್. ತಡ ಮಾಡಿದಷ್ಟೂ ಮಗು ಕಲಿತದ್ದನ್ನೂ ಕಳೆದುಕೊಳ್ಳುತ್ತದೆ. ವಿಡಿಯೋ ಹಿಡಿದು ಅವತ್ತೇ ಮಕ್ಕಳ ಡಾಕ್ಟರ ಹತ್ತಿರ ಹೋಗಬೇಕು.

ಎಲ್ಲ ಮಕ್ಕಳೂ ಒಂದೇ ದಾರಿಯಲ್ಲಿ ಹೋಗುವುದಿಲ್ಲ. ಹೊಕ್ಕುಳಬಳ್ಳಿ ಜಾರಿದಂಥ ಹಠಾತ್ ಅವಘಡದಲ್ಲಿ ಮೆದುಳಿನ ಆಳದ ಭಾಗಕ್ಕೆ ಪೆಟ್ಟು ಬೀಳುತ್ತದೆ. ಅಂಥ ಮಕ್ಕಳ ಕೈಕಾಲಿನ ತೊಂದರೆ ಬೇಗ ಕಾಣುತ್ತದೆ. ಗಂಟೆಗಟ್ಟಲೆ ಸ್ವಲ್ಪಸ್ವಲ್ಪವೇ ಆಮ್ಲಜನಕ ಕಡಿಮೆಯಾದ ಮಕ್ಕಳಲ್ಲಿ ಮೆದುಳಿನಲ್ಲಿ ಎರಡು ರಕ್ತನಾಳಗಳ ಹರಹು ಕೊನೆಗೊಳ್ಳುವ ಗಡಿ ಪ್ರದೇಶಕ್ಕೆ ಪೆಟ್ಟು. ಇವರಲ್ಲಿ ಕೆಲವರು ವೇಳೆಗೆ ಸರಿಯಾಗಿ ನಡೆಯುತ್ತಾರೆ. ಮನೆಯವರು ಸಿಹಿ ತರುತ್ತಾರೆ, ನಾನೂ ಖುಷಿಯಿಂದ ತಿನ್ನುತ್ತೇನೆ. ಆದರೆ ಫೈಲ್ ಮುಚ್ಚುವುದಿಲ್ಲ. ಮಾತು, ಗಮನ, ಲೆಕ್ಕ, ಹತ್ತು ವಸ್ತುಗಳ ನಡುವೆ ಬೇಕಾದ್ದನ್ನು ಕಣ್ಣಲ್ಲಿ ಹುಡುಕುವುದು, ಇವುಗಳ ತೊಂದರೆ ಕಾಣುವುದು ಶಾಲೆಯ ವಯಸ್ಸಿನಲ್ಲಿ. ಹಾಗಾಗಿ ನಡೆಯುವ ಮಗುವಿಗೂ ಎರಡು ವರ್ಷಕ್ಕೆ ಒಂದು ತಾರೀಕು, ಒಂದನೇ ತರಗತಿಗೆ ಸೇರಿಸುವ ಮುಂಚೆ ಇನ್ನೊಂದು ತಾರೀಕು ತಾಯಿ ಕಾರ್ಡಿನ ಹಿಂದೆ ಬರೆದುಕೊಡುತ್ತೇನೆ.