ಗ್ಲೈಡರ್ ಟ್ರೇಲರ್ ಒಣಗಿದ್ದು ತೂತು ಕೊರೆದ ಮೇಲೆ

ಎಂಜಿನ್ ಇಲ್ಲದ ವಿಮಾನವಾದ ಗ್ಲೈಡರನ್ನು ಕಾರಿನ ಹಿಂದೆ ಎಳೆದೊಯ್ಯುವ ನನ್ನ ಮುಚ್ಚಿದ ಟ್ರೇಲರ್‌ನಲ್ಲಿ ತಳದ ಪ್ಲೈವುಡ್ ಕೊಳೆತಿದ್ದನ್ನು ನೋಡಿದವರೆಲ್ಲ ಹೇಳಿದ್ದು ಒಂದೇ ಮಾತು: ಎಲ್ಲೋ ಸೋರುತ್ತಿದೆ, ಸೀಲ್ ಮಾಡು. ಅದೂ ಆಯಿತು. ಮುಚ್ಚಳದ ರಬ್ಬರ್ ಬದಲಾಯಿತು, ರಿವೆಟ್ ಸಾಲುಗಳಿಗೆಲ್ಲ ಸಿಲಿಕೋನ್ ಬಿತ್ತು. ಹೊಸ ಟೈರ್ ಜೋಡಿಯಷ್ಟು ದುಡ್ಡು ಅದಕ್ಕೇ ಹೋಯಿತು. ಬೆಳಗ್ಗೆ ಮುಚ್ಚಳ ಎತ್ತಿದರೆ ಒಳಮೈಯಲ್ಲಿ ಹನಿ ಹಾಗೇ ಇತ್ತು. ಸಾಲದ್ದಕ್ಕೆ, ಸಿಲಿಕೋನ್ ಬಿದ್ದ ಜಾಗದಲ್ಲಿ ಆಮೇಲೆ ಬಣ್ಣ ಹಿಡಿಯಲ್ಲ. ಕೆರೆದು ತೆಗೆಯುವುದೇ ದೊಡ್ಡ ಕೆಲಸ.

ಅಂಗೈಯಗಲದ ಪ್ಲಾಸ್ಟಿಕ್ ಹಾಳೆಗಳನ್ನು ತಳದ ಮೇಲಿಟ್ಟು ನಾಲ್ಕೂ ಅಂಚಿಗೆ ಟೇಪ್ ಹಾಕಿ ರಾತ್ರಿಯಿಡೀ ಬಿಟ್ಟೆ. ಹಾಳೆಯ ಅಡಿ ಒದ್ದೆಯಾದರೆ ತೇವ ಮರದೊಳಗಿಂದ ಏಳುತ್ತಿದೆ, ಮೇಲ್ಮೈ ಒದ್ದೆಯಾದರೆ ಒಳಗಿನ ಗಾಳಿಯದು. ಹಿಂಬಾಗಿಲ ಹತ್ತಿರ ಮಾತ್ರ ಅಡಿ ಒದ್ದೆ, ಉಳಿದ ಕಡೆಯೆಲ್ಲ ಮೇಲ್ಮೈ. ಅಂದರೆ ಒಳಗಿನ ತೇವಕ್ಕೆ ಹೊರದಾರಿಯಿಲ್ಲ, ಮುಚ್ಚಿದಷ್ಟೂ ಕೆಟ್ಟದ್ದೇ ಆಗುತ್ತಿತ್ತು.

ಮುಂದೆ ಕೆಳಗೆ ಎರಡು, ಹಿಂದೆ ಮೇಲೆ ಎರಡು ಕಿಂಡಿ ತೆಗೆದೆ. ಚಕ್ರದ ಸಿಡಿತ ತಾಗದ ಕಡೆ ಬಾಯಿ, ಕಣಜ ಗೂಡು ಕಟ್ಟದಂತೆ ಒಳಗೆ ಜಾಲರಿ. ತಳದ ತಗ್ಗು ಮೂಲೆಗಳಲ್ಲಿ ನೀರು ಇಳಿಯಲು ಹತ್ತು ಮಿಲಿಮೀಟರ್ ಆಸುಪಾಸಿನ ತೂತು. ಪ್ಲೈವುಡ್‌ನಲ್ಲಿ ಸುಮ್ಮನೆ ಕೊರೆದು ಬಿಟ್ಟರೆ ತೂತಿನ ಅಂಚೇ ನೀರು ಕುಡಿಯುತ್ತದೆ. ಮೊದಲು ದೊಡ್ಡದಾಗಿ ಕೊರೆದು, ಎಪಾಕ್ಸಿ (ಕಲಸಿದ ಮೇಲೆ ಗಟ್ಟಿಯಾಗುವ ಅಂಟು) ತುಂಬಿ, ಗಟ್ಟಿಯಾದ ಮೇಲೆ ಮತ್ತೆ ನಡುವೆ ಕೊರೆಯಬೇಕು. ಸೋಲಾರ್ ಫ್ಯಾನನ್ನೂ ಕೂರಿಸಿ ನೋಡಿದೆ. ಹನಿ ಕಟ್ಟುವುದು ರಾತ್ರಿ, ಅದು ತಿರುಗುವುದು ಹಗಲು, ಕಿತ್ತು ಹಾಕಿದೆ.

ಕೊಳೆತ ಭಾಗ ಪತ್ತೆಗೆ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದರೆ ಸಾಕು, ಸದ್ದು ಮಂಕಾಗುತ್ತದೆ. ಅಲ್ಲಿಂದ ಮುಂದಿನ ಅಡ್ಡಪಟ್ಟಿಯವರೆಗೂ ಕತ್ತರಿಸಿ ಹೊಸ ಮೆರೈನ್ ಪ್ಲೈ ಹಾಕಿದೆ. ಅಂಚುಗಳಿಗೆ ಮೂರು ಕೈ ಎಪಾಕ್ಸಿ. ಇಡೀ ತಳ ಬದಲಿಸಲು ಕೇಳಿದ್ದ ಕೂಲಿಯ ಕಾಲು ಭಾಗದಲ್ಲಿ ಮುಗಿಯಿತು, ಆಮೇಲೆ ಎರಡು ಮಳೆಗಾಲ ಕಂಡರೂ ಗಟ್ಟಿಯಾಗಿದೆ. ಅಲ್ಯೂಮಿನಿಯಂಗೆ ಸ್ಟೇನ್‌ಲೆಸ್ ಸ್ಕ್ರೂ ನೇರವಾಗಿ ಹಾಕಿದರೆ ಸುತ್ತ ಬಿಳಿ ಪುಡಿ ಏಳುತ್ತದೆ, ಎರಡು ಲೋಹ ನೇರ ತಾಗದಂತೆ ನಡುವೆ ತಡೆ ಪೇಸ್ಟ್ ಬೇಕು. 

ಟ್ರೇಲರ್ ಮೇಲೆತ್ತಿದ್ದಾಗ ಚಕ್ರಗಳನ್ನೂ ನೋಡಿಬಿಡಿ. ರಬ್ಬರ್ ಆಕ್ಸಲ್ (ಸ್ಪ್ರಿಂಗ್ ಬದಲು ಕೊಳವೆಯೊಳಗೆ ರಬ್ಬರ್ ಇರುವುದು) ಆದರೆ, ಜ್ಯಾಕ್ ಏರಿಸಿದಾಗ ಚಕ್ರ ಹಿಡಿದ ತೋಳು ಕೆಳಗೆ ಇಳಿಯಬೇಕು. ಇಳಿಯದಿದ್ದರೆ ರಬ್ಬರ್ ಸತ್ತಿದೆ. ಅದರ ಕೊಳವೆಗೆ ವೆಲ್ಡಿಂಗ್ ಮಾಡಿಸಬೇಡಿ, ಒಳಗಿನ ರಬ್ಬರ್ ಬೇಯುತ್ತದೆ. ತಿಂಗಳುಗಟ್ಟಲೆ ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ಬ್ರೇಕ್ ಶೂ ಡ್ರಮ್‌ಗೆ ಕಚ್ಚಿಕೊಳ್ಳುತ್ತದೆ, ಬದಲಿಗೆ ಚಕ್ರಕ್ಕೆ ಅಡ್ಡಗಟ್ಟೆ ಇಡಿ. ಈ ಟೈರ್‌ಗಳು ಸವೆದು ಹೋಗುವುದಕ್ಕಿಂತ ಮೊದಲೇ ಮುದಿಯಾಗುತ್ತವೆ: ಪಕ್ಕದಲ್ಲಿ 2319 ಎಂದಿದ್ದರೆ 2019ರ 23ನೇ ವಾರದ್ದು. ಟೈರ್ ಮೈಮೇಲಿನ ಗೀರು ಎಷ್ಟೇ ಆಳವಿರಲಿ, ಬದಿಯಲ್ಲಿ ಬಿರುಕು ಕಂಡರೆ ನಾನು ಎಸೆಯುತ್ತೇನೆ. ಚಕ್ರ ಬಿಚ್ಚಿ ಹಾಕಿದ ಮೇಲೆ ಐವತ್ತು ಕಿಲೋಮೀಟರ್ ಓಡಿಸಿ ನಟ್ ಮತ್ತೆ ಬಿಗಿ ಮಾಡಿ.

ಎಲ್ಲ ಮುಗಿದ ಮೇಲೆ ಗ್ಲೈಡರ್ ತುಂಬಿ, ಟ್ರೇಲರ್ ಮಟ್ಟವಾಗಿ ನಿಲ್ಲಿಸಿ, ಹಿಚ್‌ನ (ಕಾರಿಗೆ ಸಿಕ್ಕಿಸುವ ಕೊಂಡಿ) ಅಡಿಗೆ ಮರದ ತುಂಡಿಟ್ಟು ತೂಕದ ಯಂತ್ರದ ಮೇಲೆ ಮೂತಿ ಭಾರ, ಅಂದರೆ ಕೊಂಡಿಯ ಮೇಲೆ ಬೀಳುವ ಭಾರ, ನೋಡಿ. ನೀರು ಕುಡಿದ ಹಿಂದಿನ ತಳ ಹೋದದ್ದಕ್ಕೆ ನನ್ನದರಲ್ಲಿ ಮೂರ್ನಾಲ್ಕು ಕಿಲೋ ಏರಿತ್ತು. ಕಾರಿನ ಮಿತಿ, ಹಿಚ್‌ನ ಮಿತಿ ಎರಡರಲ್ಲಿ ಕಡಿಮೆ ಯಾವುದೋ ಅದರೊಳಗಿರಬೇಕು. ತೀರಾ ಕಡಿಮೆಯಾದರೆ ವೇಗದಲ್ಲಿ ಬಾಲ ಆಡಿಸುತ್ತದೆ. ಸಲಕರಣೆ ಪೆಟ್ಟಿಗೆಯನ್ನು ಒಂದು ಗೇಣು ಹಿಂದಕ್ಕೆ ಸರಿಸಿದ್ದಕ್ಕೆ ಲೆಕ್ಕ ಕೂತಿತು.