ಅಮೆರಿಕದಲ್ಲಿ ಬೆಳೆಯೋ ಮಗು, ಮನೆಯಲ್ಲಿ ಕನ್ನಡ: ಏನು ಮಾಡಬೇಕು, ಏನು ಬಿಡಬೇಕು

ನೇರವಾಗಿ ಹೇಳಿಬಿಡುತ್ತೇನೆ. ಇಲ್ಲಿ ಬೆಳೆಯುವ ಮಗುವಿಗೆ ಕನ್ನಡ ಉಳಿಯಬೇಕು ಅಂದರೆ, ಕನ್ನಡ ಬಿಟ್ಟು ಬೇರೆ ಏನೂ ಬಾರದ ಒಬ್ಬರಾದರೂ ಅದರ ಬದುಕಿನಲ್ಲಿ ಇರಬೇಕು. ಕ್ಲಾಸು, ಆ್ಯಪು, ರಾಜ್ಯೋತ್ಸವದ ಡ್ಯಾನ್ಸು ಎಲ್ಲ ಆಮೇಲೆ. ಅಪ್ಪ ಅಮ್ಮ ಇಬ್ಬರಿಗೂ ಇಂಗ್ಲಿಷ್ ಬರುತ್ತದೆ ಅಂತ ಮಗುವಿಗೆ ಚೆನ್ನಾಗಿ ಗೊತ್ತು, ಹಾಗಿದ್ದ ಮೇಲೆ ಸುಮ್ನೆ ಯಾಕೆ ತಡವರಿಸಿಕೊಂಡು ಕನ್ನಡ ಮಾತಾಡಬೇಕು? ಅಜ್ಜಿಯ ಹತ್ತಿರ ಹಾಗಲ್ಲ. ಅಲ್ಲಿ ಕನ್ನಡ ಬಿಟ್ಟರೆ ಗತಿ ಇಲ್ಲ.

ಹಾಗಾಗಿ ಮೊದಲ ಕೆಲಸ ಫೋನಿನದು. ಕ್ಯಾಲಿಫೋರ್ನಿಯಾದಲ್ಲಿ ಇರುವವರಿಗೆ ಶನಿವಾರ ರಾತ್ರಿ 7:30 ಒಳ್ಳೆಯ ಹೊತ್ತು. ಬೇಸಿಗೆಯಲ್ಲಿ ಆಗ ಊರಲ್ಲಿ ಭಾನುವಾರ ಬೆಳಿಗ್ಗೆ 8, ಚಳಿಗಾಲದಲ್ಲಿ 9. ಅಜ್ಜಿಯ ಕಾಫಿ ಮುಗಿದಿರುತ್ತದೆ, ಸ್ವಲ್ಪ ಪುರುಸೊತ್ತು ಇರುತ್ತದೆ. ಆದರೆ "ಅಜ್ಜಿಗೆ ಹಾಯ್ ಹೇಳು" ಅಂತ ಫೋನನ್ನು ಮುಖದ ಮುಂದೆ ಹಿಡಿದರೆ ಏನೂ ಆಗುವುದಿಲ್ಲ. ಊಟ ಆಯ್ತಾ, ಏನು ತಿಂದೆ, ಚೆನ್ನಾಗಿ ಓದ್ತಾ ಇದೀಯಾ. ಮೂರು ಪ್ರಶ್ನೆ, ಮೂರು ಹ್ಞೂಂ, ಮುಗಿಯಿತು. ಅದರ ಬದಲು ಮಗುವಿಗೆ ಒಂದು ಕೆಲಸ ಕೊಡಿ. ಹುಳಿಗೆ ಬೇಳೆ ಎಷ್ಟು ಹಾಕಬೇಕು ಅಂತ ಅಜ್ಜಿಯನ್ನು ಕೇಳಿ ಬಂದು ಹೇಳು, ಅಪ್ಪ ಚಿಕ್ಕವನಿದ್ದಾಗ ಯಾವಾಗ ಏಟು ತಿಂದ ಅಂತ ಕೇಳು (ಈ ಪ್ರಶ್ನೆಗೆ ಅರ್ಧ ಗಂಟೆ ಗ್ಯಾರಂಟಿ). ಫೋನು ಕೊಟ್ಟು ಪಕ್ಕದ ರೂಮಿಗೆ ಹೋಗಿಬಿಡಿ. ನೀವು ಹಿಂದೆ ನಿಂತು ಸಾಲು ಸಾಲಾಗಿ ಹೇಳಿಕೊಡುತ್ತಿದ್ದರೆ ಮಾತಾಡುವುದು ನೀವೇ, ಮಗು ಅಲ್ಲ.

ಅಜ್ಜ ಅಜ್ಜಿ ವಿಸಿಟರ್ ವೀಸಾದಲ್ಲಿ ಬಂದರೆ ಸಾಮಾನ್ಯವಾಗಿ 6 ತಿಂಗಳು ಇರಲು ಬಿಡುತ್ತಾರೆ. ಆ ತಿಂಗಳುಗಳನ್ನು ನಯಾಗರ, ಲಾಸ್ ವೇಗಸ್ ಅಂತ ಪೂರ್ತಿ ಕಳೆಯಬೇಡಿ. ಮಗು ಸ್ಕೂಲಿಂದ ಬಂದ ಮೇಲೆ ನೀವು ಆಫೀಸು ಮುಗಿಸುವ ತನಕ ಇರುವ ಆ ಎರಡು ಮೂರು ಗಂಟೆ ಇದೆಯಲ್ಲ, ಅಜ್ಜಿಗೆ ಕಾರು ಓಡಿಸಲು ಬಾರದು, ಮಗುವಿಗೂ ಎಲ್ಲಿಗೂ ಹೋಗಲು ಆಗದು, ಇಬ್ಬರೇ ಮನೆಯಲ್ಲಿ, ಅದಕ್ಕಿಂತ ಒಳ್ಳೆಯ ಕನ್ನಡ ಕ್ಲಾಸು ದುಡ್ಡು ಕೊಟ್ಟರೂ ಸಿಗುವುದಿಲ್ಲ. ಆ ಹೊತ್ತಿಗೆ ಪಿಯಾನೋ, ಕುಮಾನ್ ಟ್ಯೂಷನ್ ತುರುಕಬೇಡಿ.

ಮಗು ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತದೆಯಾ? ಕಿಂಡರ್‌ಗಾರ್ಟನ್ ಶುರುವಾದ ಮೇಲೆ ಹೆಚ್ಚಿನ ಮನೆಗಳಲ್ಲಿ ಇದೇ ಕತೆ. ಎರಡನೇ ಮಗುವಿಗಂತೂ ಇನ್ನೂ ಬೇಗ, ಯಾಕೆಂದರೆ ಅಕ್ಕನೋ ಅಣ್ಣನೋ ಇಂಗ್ಲಿಷನ್ನು ಮನೆಗೆ ತಂದಿರುತ್ತಾರೆ. ಬೈಯಬೇಡಿ, "ಕನ್ನಡದಲ್ಲಿ ಹೇಳು" ಅಂತ ಮಾತಿಗೊಮ್ಮೆ ತಡೆಯಲೂ ಬೇಡಿ. ಹಾಗೆ ತಡೆದರೆ ಮಗು ಕನ್ನಡ ಕಲಿಯುವುದಿಲ್ಲ, ನಿಮ್ಮ ಹತ್ತಿರ ಮಾತಾಡುವುದನ್ನೇ ಕಡಿಮೆ ಮಾಡುತ್ತದೆ. ಅದು "ಐ ಡ್ರಾಪ್ಡ್ ದ ಮಿಲ್ಕ್" ಅಂದರೆ ನೀವು "ಹಾಲು ಚೆಲ್ಲಿಬಿಟ್ಯಾ? ಒರೆಸೋ ಬಟ್ಟೆ ತಗೊಂಡು ಬಾ" ಅನ್ನಿ. ಅಷ್ಟೇ. ನಿಮ್ಮ ಕಡೆಯಿಂದ ಕನ್ನಡ ನಿಲ್ಲಬಾರದು, ಅದೊಂದೇ ನಿಯಮ. ಎರಡು ಭಾಷೆ ಬೆರೆಸಿ ಮಾತಾಡಿದರೆ ಗಾಬರಿಯಾಗಬೇಡಿ, ನಾವೆಲ್ಲ ದಿನವಿಡೀ ಮಾಡುವುದೂ ಅದನ್ನೇ ಅಲ್ವಾ. ಮಾತು ತಡವಾಗಲು ಎರಡು ಭಾಷೆ ಕಾರಣ ಅನ್ನುವುದು ಹಳೆಯ ಮೂಢನಂಬಿಕೆ. ಮಾತು ನಿಜಕ್ಕೂ ತಡವಾಗಿದ್ದರೆ ಸ್ಪೀಚ್ ಥೆರಪಿಸ್ಟ್ ಹತ್ತಿರ ಹೋಗಿ, ಮನೆಯ ಭಾಷೆ ಮಾತ್ರ ಬಿಡಬೇಡಿ.

ಯಾರೂ ಹೇಳದ ಇನ್ನೊಂದು ತೊಂದರೆ ಇದೆ. ಇಲ್ಲಿಯ ಮಗು ಕನ್ನಡ ಕೇಳುವುದು ಅಪ್ಪ ಅಮ್ಮನ ಬಾಯಲ್ಲಿ, ಅದೂ ತನ್ನನ್ನು ಕರೆಯುವಾಗ. ಬಾ, ತಿನ್ನು, ಕೂತ್ಕೋ, ಯಾಕೋ ಹೀಗ್ ಮಾಡ್ತೀಯ. ಹಾಗಾಗಿ ಅದು ಅಜ್ಜನ ಎದುರು ಹೋಗಿ "ಅಜ್ಜ, ನೀನು ಇಲ್ಲಿ ಕೂತ್ಕೋ" ಅನ್ನುತ್ತದೆ. ಮಗು ತೋರಿಸುತ್ತಿರುವುದು ಪ್ರೀತಿ, ಆದರೆ ಪಕ್ಕದಲ್ಲಿ ಕೂತ ದೊಡ್ಡಮ್ಮನಿಗೆ ಕಾಣುವುದು "ಅಮೆರಿಕದ ಮಕ್ಕಳಿಗೆ ಮರ್ಯಾದೆ ಇಲ್ಲ". ಎಲ್ಲರೂ ನಗುತ್ತಾರೆ. ಮಗು ಅವತ್ತಿನಿಂದ ಬಾಯಿ ಮುಚ್ಚಿಕೊಳ್ಳುತ್ತದೆ. ಇದಕ್ಕೆ ಮದ್ದು ವ್ಯಾಕರಣ ಪಾಠ ಅಲ್ಲ. ಮಗು ದೊಡ್ಡವರು ದೊಡ್ಡವರ ಜೊತೆ ಕನ್ನಡದಲ್ಲಿ ಮಾತಾಡುವುದನ್ನು ಕೇಳಬೇಕು. ಕನ್ನಡದ ಸ್ನೇಹಿತರನ್ನು ಊಟಕ್ಕೆ ಕರೆದಾಗ ಮಕ್ಕಳನ್ನು ಐಪ್ಯಾಡ್ ಕೊಟ್ಟು ಮೇಲಿನ ರೂಮಿಗೆ ಕಳಿಸಬೇಡಿ. ಬಡಿಸಲು ಹೇಳಿ. "ಇನ್ನೊಂಚೂರು ಹಾಕ್ಲಾ, ಸಾಕಾ ನಿಮಗೆ" ಅಂತ ತಾನಾಗೇ ಬರುತ್ತದೆ. (ಉತ್ತರ ಕರ್ನಾಟಕದ ಕೆಲವು ಮನೆಗಳಲ್ಲಿ ಅವ್ವನಿಗೆ ಏಕವಚನವೇ ರೂಢಿ. ಆಗ ಎಲ್ಲಿ ಯಾವುದು ಅಂತ ನೀವೇ ಹೇಳಿಕೊಡಬೇಕು.)

ವಾರಾಂತ್ಯದ ಕನ್ನಡ ಶಾಲೆ ಬೇಡ ಅಂತಲ್ಲ. ಕನ್ನಡ ಕೂಟಗಳು, ಕನ್ನಡ ಅಕಾಡೆಮಿಯವರ ಕನ್ನಡ ಕಲಿ ತರಗತಿಗಳು ಇವೆ, ಸ್ವಯಂಸೇವಕರು ಪಾಪ ತಮ್ಮ ಭಾನುವಾರ ಕೊಟ್ಟು ನಡೆಸುತ್ತಾರೆ. ಓದು, ಬರಹ ಅಲ್ಲಿ ಬರುತ್ತದೆ, ಅದಕ್ಕಿಂತ ಮುಖ್ಯವಾಗಿ ತನ್ನ ಹಾಗೇ ಇರುವ ಮಕ್ಕಳು ಸಿಗುತ್ತಾರೆ. ಹೈಸ್ಕೂಲಿನಲ್ಲಿ ಒಂದು ಲಾಭವೂ ಉಂಟು. ಇಂಗ್ಲಿಷ್ ಜೊತೆ ಇನ್ನೊಂದು ಭಾಷೆ ಚೆನ್ನಾಗಿ ಬಲ್ಲ ವಿದ್ಯಾರ್ಥಿಗೆ ಸೀಲ್ ಆಫ್ ಬೈಲಿಟರಸಿ ಅಂತ ಒಂದು ಮನ್ನಣೆ ಕೊಡುತ್ತಾರೆ, ಕ್ಯಾಲಿಫೋರ್ನಿಯಾ ಇದಕ್ಕೆ 2011ರಲ್ಲಿ ಕಾನೂನು ಮಾಡಿತು, ಆಮೇಲೆ ಬೇರೆ ರಾಜ್ಯಗಳೂ ತಂದವು. ಕನ್ನಡಕ್ಕೆ ಯಾವ ಪರೀಕ್ಷೆ ಒಪ್ಪುತ್ತಾರೆ ಅಂತ ನಿಮ್ಮ ಸ್ಕೂಲಿನ ಕೌನ್ಸೆಲರ್‌ರನ್ನು ಒಂಬತ್ತನೇ ತರಗತಿಯಲ್ಲೇ ಕೇಳಿಕೊಳ್ಳಿ.

ಇನ್ನು ಮನೆಯ ಹೊರಗೆ. ಹೆಸರನ್ನು ಟೀಚರ್ ತಪ್ಪಾಗಿ ಕರೆದರೆ ಮೊದಲ ದಿನವೇ ತಿದ್ದಲು ಹೇಳಿಕೊಡಿ, ಮನೆಯಲ್ಲಿ ನೀವು ಟೀಚರ್ ಆಗಿ ಅಭ್ಯಾಸ ಮಾಡಿಸಿ. ಡಬ್ಬಿ ವಿಷಯಕ್ಕೆ ಸೆಂಟಿಮೆಂಟ್ ಬೇಡ. ಚಿತ್ರಾನ್ನ ಬೇಡ, ಸ್ಯಾಂಡ್‌ವಿಚ್ ಬೇಕು ಅಂದರೆ ಸ್ಯಾಂಡ್‌ವಿಚ್ಚೇ ಕಳಿಸಿ, ರಾತ್ರಿ ಚಿತ್ರಾನ್ನ ತಿನ್ನಲಿ. ಅಂದಹಾಗೆ ಎಷ್ಟೋ ಶಾಲೆಗಳಲ್ಲಿ ಅಲರ್ಜಿಯ ಕಾರಣಕ್ಕೆ ಕಡಲೆಕಾಯಿ ತರುವ ಹಾಗೇ ಇಲ್ಲ. ಶೇಂಗಾ ಚಟ್ನಿಪುಡಿ ಹಚ್ಚಿದ ಚಪಾತಿ, ಒಗ್ಗರಣೆಗೆ ಕಡಲೆಕಾಯಿ ಹಾಕಿದ ಅನ್ನ ಎರಡೂ ಹೋಗುವಂತಿಲ್ಲ, ಕೇಳಿ ನೋಡಿಕೊಂಡು ಕಳಿಸಿ.

ಸ್ಲೀಪ್‌ಓವರ್‌ಗೆ, ಅಂದರೆ ಸ್ನೇಹಿತರ ಮನೆಯಲ್ಲಿ ರಾತ್ರಿ ಉಳಿಯುವುದಕ್ಕೆ, ನಮ್ಮವರು ಹೆಚ್ಚಾಗಿ ಬೇಡ ಅನ್ನುತ್ತಾರೆ, ಕಾರಣ ಮಾತ್ರ ಹೇಳುವುದಿಲ್ಲ. "ನಮ್ಮಲ್ಲಿ ಹಾಗೆಲ್ಲ ಇಲ್ಲ" ಅನ್ನುವುದು ಕಾರಣ ಅಲ್ಲ. ಆ ಮನೆಯವರ ಪರಿಚಯ ನನಗಿಲ್ಲ ಅನ್ನುವುದು ಕಾರಣ. ಹಾಗಾದರೆ ಪರಿಚಯ ಮಾಡಿಕೊಳ್ಳಿ, ಫೋನು ಮಾಡಿ, ಬಿಡಲು ಹೋದಾಗ ಒಳಗೆ ಹೋಗಿ ಮಾತಾಡಿ. ಆಗಲೂ ಬೇಡ ಅನಿಸಿದರೆ ರಾತ್ರಿ ಹತ್ತಕ್ಕೆ ಕರೆದುಕೊಂಡು ಬರುತ್ತೇನೆ ಅನ್ನಿ. ಬೇಡ ಅನ್ನುವುದಕ್ಕೆಲ್ಲ ಕನ್ನಡ, ಭಾರತ, ಸಂಸ್ಕೃತಿ ಅಂತ ಹೆಸರಿಟ್ಟರೆ ಮಗುವಿನ ಲೆಕ್ಕದಲ್ಲಿ ಕನ್ನಡ ಅಂದರೆ ಬರೀ ಬೇಡಗಳ ಪಟ್ಟಿ ಆಗಿಬಿಡುತ್ತದೆ.

ಈಗ ವೀಸಾ, ಪಾಸ್‌ಪೋರ್ಟಿನ ಕಾಗದ ಪತ್ರದ ವಿಷಯ. ಇದನ್ನು ಎಷ್ಟೋ ಮನೆಗಳಲ್ಲಿ ಮಕ್ಕಳಿಂದ ಮುಚ್ಚಿಡುತ್ತಾರೆ, ನನ್ನ ಪ್ರಕಾರ ಮುಚ್ಚಿಡಬಾರದು. ಒಂದು ಮನೆ ಇದೆ ಅಂದುಕೊಳ್ಳಿ: ದೊಡ್ಡ ಮಗಳು ಬೆಂಗಳೂರಿನಲ್ಲಿ ಹುಟ್ಟಿ ಎರಡು ವರ್ಷಕ್ಕೆ ಇಲ್ಲಿಗೆ ಬಂದವಳು, ಎಚ್-4 ವೀಸಾ (ಕೆಲಸದ ವೀಸಾದಲ್ಲಿ ಬಂದವರ ಗಂಡ, ಹೆಂಡತಿ, ಮಕ್ಕಳಿಗೆ ಕೊಡುವುದು). ಚಿಕ್ಕವನು ಇಲ್ಲೇ ಹುಟ್ಟಿದವನು, ಅಮೆರಿಕದ ಪ್ರಜೆ. ಎರಡೂ ಪಾಸ್‌ಪೋರ್ಟು ನೀಲಿಯೇ, ಆದರೆ ವ್ಯತ್ಯಾಸ ಭಾರಿ. ಹದಿನಾರಕ್ಕೆ ಗೆಳತಿಯರೆಲ್ಲ ಐಸ್‌ಕ್ರೀಮ್ ಅಂಗಡಿಯಲ್ಲಿ ಪಾರ್ಟ್‌ಟೈಮ್ ಕೆಲಸಕ್ಕೆ ಸೇರಿದಾಗ ಎಚ್-4 ಮಗಳು ಸೇರುವಂತಿಲ್ಲ. ಕಾಲೇಜಿಗೆ ಫೆಡರಲ್ ಸಹಾಯಧನ ಇಲ್ಲ. 21 ತುಂಬಿದ ದಿನ ಎಚ್-4 ಮುಗಿಯುತ್ತದೆ, ಅಷ್ಟರೊಳಗೆ ಕಾಯಂ ಆಗಿ ಇರಲು ಬಿಡುವ ಗ್ರೀನ್ ಕಾರ್ಡ್ ಬರದಿದ್ದರೆ ವಿದ್ಯಾರ್ಥಿ ವೀಸಾಗೋ ಬೇರೆ ಯಾವುದಕ್ಕೋ ಬದಲಾಯಿಸಿಕೊಳ್ಳಬೇಕು, ಇಲ್ಲವೇ ಹೊರಡಬೇಕು. ಗ್ರೀನ್ ಕಾರ್ಡಿನಲ್ಲಿ ಒಂದೊಂದು ದೇಶಕ್ಕೆ ವರ್ಷಕ್ಕೆ ಶೇಕಡಾ 7 ಅನ್ನುವ ಮಿತಿ ಇರುವುದರಿಂದ ಭಾರತದವರ ಸಾಲು ಮುಂದೆ ಸಾಗುವುದೇ ಇಲ್ಲ. ಇದನ್ನೆಲ್ಲ ಕಾಲೇಜು ಅರ್ಜಿ ತುಂಬುವ ಹೊತ್ತಿಗೆ ಮಗಳು ತಾನೇ ಕಂಡುಕೊಳ್ಳುವ ಹಾಗೆ ಮಾಡಬೇಡಿ. ಹದಿಮೂರು, ಹದಿನಾಲ್ಕಕ್ಕೆ ಕೂರಿಸಿ ಹೇಳಿ. ತಮ್ಮನ ಎದುರೂ ಹೇಳಿ. ವಕೀಲರ ಹತ್ತಿರ ವಯಸ್ಸಿನ ಲೆಕ್ಕ ಹಾಕಿಸಿ, ಅರ್ಜಿ ಕಾದ ಅವಧಿಯಲ್ಲಿ ಸ್ವಲ್ಪವನ್ನು ವಯಸ್ಸಿನಿಂದ ಕಳೆಯಲು ಕೆಲವರಿಗೆ ಅವಕಾಶ ಇರುತ್ತದೆ.

ಇಲ್ಲಿ ಹುಟ್ಟಿದವನಿಗೆ ಒಸಿಐ (ವೀಸಾ ಇಲ್ಲದೆ ಭಾರತಕ್ಕೆ ಹೋಗಿಬರಲು ಬಿಡುವ ಕಾರ್ಡು) ಮಾಡಿಸಿಡಿ. ಮಕ್ಕಳ ಅಮೆರಿಕನ್ ಪಾಸ್‌ಪೋರ್ಟ್ 16ರ ಒಳಗೆ 5 ವರ್ಷಕ್ಕೆ ಮಾತ್ರ, ಹೊಸದು ಬಂದಾಗೆಲ್ಲ ಅದರ ಪ್ರತಿಯನ್ನೂ ಹೊಸ ಫೋಟೋವನ್ನೂ ಒಸಿಐ ಜಾಲತಾಣಕ್ಕೆ ಹಾಕಬೇಕು. ಮರೆತುಹೋಗುತ್ತದೆ, ಟಿಕೆಟ್ ಬುಕ್ ಮಾಡುವ ಮೊದಲೇ ನೋಡಿಕೊಳ್ಳಿ.

ಊರಿಗೆ ಹೋಗುವುದು ಯಾವಾಗ ಅನ್ನುವುದೂ ತಲೆನೋವೇ. ಇಲ್ಲಿಯ ದೊಡ್ಡ ರಜೆ ಜೂನ್‌ನಿಂದ ಆಗಸ್ಟ್, ಕರ್ನಾಟಕದಲ್ಲಿ ಏಪ್ರಿಲ್ ಮೇ. ನೀವು ಹೋಗುವ ಹೊತ್ತಿಗೆ ಅಲ್ಲಿ ಮಳೆ, ಅಣ್ಣತಮ್ಮಂದಿರ ಮಕ್ಕಳೆಲ್ಲ ಶಾಲೆಯಲ್ಲಿ. ಹಗಲೆಲ್ಲ ಮಗು ಸೋಫಾದಲ್ಲಿ ಫೋನು ಹಿಡಿದು ಕೂತಿರುತ್ತದೆ. ದೇವಸ್ಥಾನ, ಸೀರೆ ಅಂಗಡಿ, ಮನೆ ಮನೆ ಊಟ ಅಂತ ಎಳೆದಾಡುವುದಕ್ಕಿಂತ ಒಂದೇ ಮನೆಯಲ್ಲಿ ಎರಡು ವಾರ ಬಿಡಿ, ಸಾಧ್ಯವಾದರೆ ನೀವಿಲ್ಲದೆ. ಹಾಲು ತರಲು, ಕೊತ್ತಂಬರಿ ಸೊಪ್ಪು ತರಲು ಒಬ್ಬನನ್ನೇ ಕಳಿಸಿ, ಚಿಲ್ಲರೆ ತಪ್ಪಾದರೆ ಆಗಲಿ. ಸಂಜೆ ಗಲ್ಲಿ ಕ್ರಿಕೆಟ್ ಇದ್ದೇ ಇರುತ್ತದೆ, ಅಲ್ಲಿ ನಾಲ್ಕು ದಿನ ಆಡಿದರೆ ನೀವು ಕಲಿಸಲು ಬಯಸದ ಕನ್ನಡವೂ ಬರುತ್ತದೆ, ಬರಲಿ ಬಿಡಿ.

ನೆಂಟರಿಗೆ ಮೊದಲೇ ಒಂದು ಮಾತು ಹೇಳಿಡಿ: "ಕನ್ನಡ ಬರುತ್ತಾ? ಎಲ್ಲಿ, ಒಂದು ಹಾಡು ಹೇಳು" ಅನ್ನುವ ಪರೀಕ್ಷೆ ಬೇಡ, ಇಂಡಿಯಾ ಇಷ್ಟಾನಾ ಅಮೆರಿಕ ಇಷ್ಟಾನಾ ಅನ್ನುವುದೂ ಬೇಡ. ಆದರೂ ಯಾರೋ ಒಬ್ಬರು ಮಾವ ಕೇಳಿಯೇ ಕೇಳುತ್ತಾರೆ. ಆಗ ಮಗುವಿನ ಪರವಾಗಿ ನೀವು ಉತ್ತರ ಕೊಡಬೇಡಿ, ಮಾವನಿಗೆ ನೀರು ತಂದುಕೊಡು ಅಂತ ಮಗುವನ್ನು ಒಳಗೆ ಕಳಿಸಿಬಿಡಿ.